ಸಾವಿನ ಮುಂದೆ ಕ್ರೈಸ್ತನ ಸಮಾಧಾನ

ಹುಟ್ಟಿದ ಜೀವಿಗೆ ಸಾವು ತಪ್ಪಿದ್ದಲ್ಲವೆಂಬುದು ಓದು ಬರಹ ಬಾರದವರಿಗೂ ತಿಳಿದ ಮಾತು. ಆದರೆ ತಿಳಿದ ಮಾತೆಲ್ಲವೂ ಮನಸ್ಸಿಗೆ ಇಳಿದ ಮಾತಾಗಿರುವುದಿಲ್ಲ. ಸಾವು ಪಕ್ಕದ ಕೇರಿಗೆ ಬಂದಾಗ ನಾವು ತತ್ತ್ವವನ್ನು ಹೇಳುತ್ತೇವೆ. ನಮ್ಮ ಹೊಸ್ತಿಲನ್ನೇ ದಾಟಿ ಒಳಗೆ ಬಂದಾಗ ಬಾಯಿ ಕಟ್ಟಿಹೋಗುತ್ತದೆ. ಹೋದ ವರ್ಷದ ಮಳೆಗಾಲದಲ್ಲಿ ಅದು ನಮ್ಮ ಮನೆಗೆ ಬಂದಿತು. ನನ್ನ ತಂದೆಯವರು ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು.

ಮಣ್ಣು ಮುಗಿಸಿಕೊಂಡು ಕೆಲವು ದಿನಗಳ ಮೇಲೆ ವಿದ್ಯಾರ್ಥಿನಿಲಯಕ್ಕೆ ಹಿಂದಿರುಗಿದೆನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ನಾಲ್ಕೂ ಕಡೆಯ ಹುಡುಗರು ನಮ್ಮ ನಿಲಯದಲ್ಲಿದ್ದಾರೆ. ಕ್ರೈಸ್ತನೆಂದರೆ ನಾನೊಬ್ಬನೇ. ಆ ರಾತ್ರಿ ಊಟವಾದ ಮೇಲೆ ಜಗಳೂರಿನ ಮಿತ್ರನೊಬ್ಬನು ಬಹಳ ಹೊತ್ತು ನನ್ನ ಪಕ್ಕದಲ್ಲಿ ಕುಳಿತಿದ್ದು, ಕೊನೆಗೆ ಸಂಕೋಚದಿಂದ ಕೇಳಿದನು: “ಅಲ್ಲೋ, ನಾವಾದರೆ ಲಿಂಗೈಕ್ಯರಾದರು ಅಂತೀವಿ, ಶಿವಗಣಾರಾಧನೆ ಮಾಡ್ತೀವಿ. ಬೇರೆಯವರು ಪಿಂಡ ಇಡ್ತಾರೆ, ತಿಥಿ ಮಾಡ್ತಾರೆ, ಮತ್ತೆ ಹುಟ್ಟಿ ಬರ್ತಾರೆ ಅಂತಾರೆ. ನಿಮ್ಮಲ್ಲಿ ಇದು ಯಾವುದೂ ಇಲ್ಲ. ಹಾಗಾದರೆ ನಿಮಗೆ ಸಮಾಧಾನ ಎಲ್ಲಿಂದ ಬರುತ್ತೆ?”

ಅವನ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಆದರೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಚಿಕ್ಕಂದಿನಿಂದ ಬಲಿಪೂಜೆಗೆ ಹೋದವನು, ಜಪಸರ ಹಿಡಿದವನು, ಧರ್ಮೋಪದೇಶದ ಪಾಠಗಳನ್ನು ಬಾಯಿಪಾಠ ಮಾಡಿದವನು ನಾನು. ಆದರೂ ಮಿತ್ರನ ಒಂದು ಸರಳ ಪ್ರಶ್ನೆಗೆ ತಡವರಿಸಿದೆನು. ಅಂದಿನಿಂದ ಇಂದಿನವರೆಗೆ ಗುರುಗಳನ್ನು ಕೇಳಿ, ಪುಸ್ತಕಗಳನ್ನು ಓದಿ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನೆಯಲ್ಲಿ ನಡೆದುದನ್ನು ಮತ್ತೆ ಮತ್ತೆ ನೆನೆದು ನಾನು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಮತಪ್ರಚಾರದ ಲೇಖನವಲ್ಲ. ಒಂದೇ ಊಟದ ಮನೆಯಲ್ಲಿ ಕುಳಿತು ಉಣ್ಣುವವರು ಒಬ್ಬರ ಮನೆಯ ದುಃಖವನ್ನು ಇನ್ನೊಬ್ಬರು ತಿಳಿಯಬೇಕೆಂಬುದಷ್ಟೇ ನನ್ನ ಆಸೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕ್ರೈಸ್ತನು ಸಾವಿಗೆ ಅಳಬಾರದು, ಅತ್ತರೆ ಅವನಿಗೆ ನಂಬಿಕೆಯಿಲ್ಲವೆಂದು ಅರ್ಥ—ಹೀಗೆ ಎಣಿಸುವವರು ನಮ್ಮವರಲ್ಲಿಯೂ ಇದ್ದಾರೆ. ಆದರೆ ಶುಭಸಂದೇಶಗಳನ್ನು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬೆಥಾನಿಯೆಂಬ ಹಳ್ಳಿಯಲ್ಲಿ ಯೇಸುವಿಗೆ ಲಾಜರನೆಂಬ ಗೆಳೆಯನಿದ್ದನು. ಅವನು ಸತ್ತು ನಾಲ್ಕು ದಿನಗಳಾದ ಮೇಲೆ ಯೇಸು ಅಲ್ಲಿಗೆ ಬಂದನು. ಲಾಜರನ ಅಕ್ಕತಂಗಿಯರಾದ ಮಾರ್ತ ಮರಿಯರು, ನೀನು ಮೊದಲೇ ಬಂದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲವೆಂದು ನೇರವಾಗಿಯೇ ಆಕ್ಷೇಪಿಸಿದರು. ಯೇಸು ಅವರನ್ನು ಗದರಿಸಲಿಲ್ಲ. ಸಮಾಧಿಯ ದಾರಿಯಲ್ಲಿ ತಾನೂ ಅತ್ತನು. ಮುಂದೆ ಅವನು ಲಾಜರನನ್ನು ಎಬ್ಬಿಸಿದನೆಂದು ಕಥೆ ಹೇಳುತ್ತದೆ. ಎಬ್ಬಿಸಲಿರುವವನೇ ಅತ್ತ ಮೇಲೆ, ಎಬ್ಬಿಸಲಾರದ ನಾವು ಅಳುವುದು ತಪ್ಪಾದೀತೆ?

ಕ್ರೈಸ್ತ ಧರ್ಮವು ಸಾವನ್ನು ಸಣ್ಣದೆಂದು ಹೇಳುವುದಿಲ್ಲ. ಪೌಲನು ಅದನ್ನು ಶತ್ರುವೆಂದೇ ಕರೆದಿದ್ದಾನೆ. ತಪಸ್ಸು ಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದು ಗುರುಗಳು ನಮ್ಮ ಹಣೆಗೆ ಬೂದಿಯಿಡುವರು. ನೀನು ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂದು ನೆನಪು ಮಾಡುವರು. ಎಳೆಯ ಮಗುವಿನ ಹಣೆಯ ಮೇಲೂ ಅದೇ ಬೂದಿ, ಮುದುಕರ ಹಣೆಯ ಮೇಲೂ ಅದೇ ಬೂದಿ. ವಿಭೂತಿ ಧರಿಸುವ ನಾಡಿನಲ್ಲಿ ಇದರ ಅರ್ಥವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಾವನ್ನು ಮರೆಮಾಡಿ ಕೊಡುವ ಸಮಾಧಾನವು ಹೆಚ್ಚು ದಿನ ಬಾಳುವುದಿಲ್ಲವೆಂಬುದೇ ಇದರ ತಾತ್ಪರ್ಯ.

ಇನ್ನೊಂದು ಕಷ್ಟದ ಪ್ರಶ್ನೆಯಿದೆ. ಪ್ರಾರ್ಥಿಸಿದರೂ ರೋಗ ಗುಣವಾಗದಿದ್ದರೆ? ತಂದೆಯವರ ಕಾಯಿಲೆ ಗೊತ್ತಾದ ವರ್ಷ ನಾವು ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಹೋದೆವು. ತುಂಗಭದ್ರೆಯ ದಡದ ಆ ಊರಿಗೆ ಅಂದು ಎಲ್ಲ ಜಾತಿಮತಗಳ ಜನ ರೋಗಿಗಳನ್ನು ಕರೆದುಕೊಂಡು ಬರುತ್ತಾರೆ. ನಮ್ಮ ಅವ್ವ ಮೇಣದ ಬತ್ತಿ ಹಚ್ಚಿ ಹರಕೆ ಹೊತ್ತಳು. ಬೆಂಗಳೂರಿನಲ್ಲಿ ಚಿಕಿತ್ಸೆಯೂ ಆಯಿತು. ಗುಣವಾಗಲಿಲ್ಲ. ಆಗ ನನಗೆ ಬಂದ ಸಿಟ್ಟನ್ನು ಇಲ್ಲಿ ಮುಚ್ಚಿಡುವುದಿಲ್ಲ. ಒಂದೆರಡು ತಿಂಗಳು ನಾನು ಪ್ರಾರ್ಥನೆಗೆ ಕೂರಲಿಲ್ಲ.

ಆ ಸಿಟ್ಟಿಗೆ ನನಗೆ ಮೊದಲು ಉತ್ತರ ದೊರಕಿದ್ದು ಗೆತ್ಸೆಮನಿ ತೋಟದ ಕಥೆಯಲ್ಲಿ. ಬಂಧನವಾದ ರಾತ್ರಿ, ಅದಕ್ಕೆ ಸ್ವಲ್ಪ ಮುಂಚೆ ಯೇಸು, ಸಾಧ್ಯವಾದರೆ ಈ ಸಂಕಟದ ಬಟ್ಟಲು ನನ್ನಿಂದ ದೂರವಾಗಲಿ ಎಂದು ದೇವರನ್ನು ಬೇಡಿಕೊಂಡನು. ಆ ಬೇಡಿಕೆ ಈಡೇರಲಿಲ್ಲ. ಮಾರನೆಯ ದಿನ ಶಿಲುಬೆ ಬಂದಿತು. ಶಿಲುಬೆಯ ಮೇಲೆ ಅವನು, ದೇವರು ತನ್ನನ್ನು ಕೈಬಿಟ್ಟುದೇಕೆಂದು ಕೂಗಿದನೆಂದೂ ಶುಭಸಂದೇಶ ಹೇಳುತ್ತದೆ. ಹಳೆಯ ಒಡಂಬಡಿಕೆಯ ಯೋಬನೂ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡು ದೇವರೊಡನೆ ಜಗಳವಾಡಿದನು. ನಿನ್ನ ಪಾಪಕ್ಕೆ ಇದು ಫಲವೆಂದು ಬುದ್ಧಿ ಹೇಳಿದ ಅವನ ಗೆಳೆಯರನ್ನೇ ಕೊನೆಯಲ್ಲಿ ದೇವರು ತಪ್ಪಿತಸ್ಥರೆಂದನು. ಹೀಗಿರಲು, ಕ್ರೈಸ್ತನಿಗೆ ದೊರೆಯುವ ಮೊದಲ ಸಮಾಧಾನ ಇದು: ದುಃಖದಲ್ಲಿ ಅವನು ಒಂಟಿಯಲ್ಲ. ಉತ್ತರ ಬಾರದ ಪ್ರಾರ್ಥನೆಯನ್ನು ಕ್ರಿಸ್ತನೂ ಮಾಡಿದ್ದಾನೆ. ಆ ಕತ್ತಲಲ್ಲಿಯೂ ದೇವರು ಜೊತೆಗಿದ್ದಾನೆಂಬುದು ನಮ್ಮ ನಂಬಿಕೆ.

ಎರಡನೆಯದು ಪುನರುತ್ಥಾನದ ನಿರೀಕ್ಷೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನನ್ನ ಮಿತ್ರರಲ್ಲಿ ಹಲವರು ಇದನ್ನು ಪುನರ್ಜನ್ಮವೆಂದೇ ಭಾವಿಸಿದ್ದಾರೆ. ಪುನರ್ಜನ್ಮವೆಂದರೆ ಆತ್ಮವು ಒಂದು ದೇಹವನ್ನು ಬಿಟ್ಟು ಕರ್ಮಾನುಸಾರವಾಗಿ ಇನ್ನೊಂದು ದೇಹವನ್ನು ಪಡೆಯುವುದು. ಲಿಂಗೈಕ್ಯವೆಂದರೆ ಅಂಗವು ಲಿಂಗದಲ್ಲಿ ಬೆರೆತು ಎರಡೆಂಬುದು ಅಳಿಯುವುದು. ಪುನರುತ್ಥಾನವು ಇವೆರಡೂ ಅಲ್ಲ. ಮನುಷ್ಯನು ಬದುಕುವುದು ಒಮ್ಮೆ, ಸಾಯುವುದು ಒಮ್ಮೆ. ಕಾಲದ ಕೊನೆಯಲ್ಲಿ ದೇವರು ಅವನನ್ನು, ಅವನನ್ನಾಗಿಯೇ, ಹೊಸ ದೇಹದೊಡನೆ ಎಬ್ಬಿಸುವನೆಂಬುದು ಕ್ರೈಸ್ತರ ವಿಶ್ವಾಸ. ಆತ್ಮ ಮಾತ್ರ ಉಳಿಯುವುದೆಂದಲ್ಲ. ನಾನು ಕಂಡ, ಮುಟ್ಟಿದ, ಹೆಸರು ಹಿಡಿದು ಕರೆದ ವ್ಯಕ್ತಿಯೇ ದೇವರಿಗೆ ಬೇಕಾದವನು ಎಂಬ ಭರವಸೆ ಇದರಲ್ಲಿದೆ. ಶುಭ ಶುಕ್ರವಾರದಂದು ಸತ್ತ ಯೇಸು ಮೂರನೆಯ ದಿನ ಎದ್ದನೆಂಬುದೇ ಈ ಭರವಸೆಗೆ ಆಧಾರ. ಅದರ ನೆನಪೇ ಪಾಸ್ಕ ಹಬ್ಬ. ಕ್ರಿಸ್ಮಸ್ಸಿಗಿಂತ ಇದೇ ನಮ್ಮ ದೊಡ್ಡ ಹಬ್ಬವೆಂದರೆ ಅನೇಕರಿಗೆ ಆಶ್ಚರ್ಯವಾದೀತು.

ಹೊಸ ದೇಹವೆಂದರೆ ಹೇಗಿರುತ್ತದೆ? ಇದೇ ಪ್ರಶ್ನೆಯನ್ನು ಕೊರಿಂಥ ಪಟ್ಟಣದ ಕ್ರೈಸ್ತರು ಪೌಲನಿಗೆ ಹಾಕಿದ್ದರು. ಅವನು ಶಾಸ್ತ್ರಾರ್ಥಕ್ಕೆ ಹೋಗದೆ ಬಿತ್ತನೆಯ ಉದಾಹರಣೆಯನ್ನು ಕೊಟ್ಟನು. ಬಿತ್ತುವುದು ಬರಿಯ ಕಾಳು, ಮೇಲೆ ಬರುವುದು ಬೇರೊಂದು ರೂಪ; ಆದರೂ ಆ ಕಾಳಿಗೂ ಈ ಪೈರಿಗೂ ಸಂಬಂಧವುಂಟು. ಯೇಸುವೂ ತನ್ನ ಸಾವಿನ ಮಾತನ್ನೆತ್ತಿದಾಗ ನೆಲಕ್ಕೆ ಬಿದ್ದು ಸಾಯುವ ಗೋಧಿಯ ಕಾಳನ್ನೇ ನೆನೆದನು. ಅವ್ವನ ತವರಾದ ಜಗಳೂರಿನ ಕಡೆ ಮಳೆಗಾಗಿ ಮುಗಿಲು ನೋಡುತ್ತಾ ಕುಳಿತ ರೈತರನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಮನೆಯಲ್ಲಿ ಉಣ್ಣಲು ಕಾಳು ಕಡಿಮೆಯಿರುವಾಗಲೂ ಅವರು ಬೀಜದ ಕಾಳನ್ನು ತೆಗೆದಿಟ್ಟು, ಒಂದು ಹದ ಮಳೆ ಬಿದ್ದೊಡನೆ ಅದನ್ನು ಮಣ್ಣಿಗೆ ಹಾಕುತ್ತಾರೆ. ನೋಡುವವರಿಗೆ ಅದು ಕಾಳನ್ನು ಕಳೆದುಕೊಂಡಂತೆ ಕಾಣುತ್ತದೆ. ಮಳೆ ಬರುವುದೋ ಇಲ್ಲವೋ ಎಂಬುದು ರೈತನಿಗೂ ಖಚಿತವಿಲ್ಲ. ಆದರೂ ಬಿತ್ತುತ್ತಾನೆ. ನಿರೀಕ್ಷೆಯೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ತಿಳಿಯದು.

ಈ ನಿರೀಕ್ಷೆಯ ಗುರುತುಗಳನ್ನು ಇತಿಹಾಸದಲ್ಲಿಯೂ ಕಾಣಬಹುದು. ಇಂಗ್ಲಿಷಿನ ‘ಸೆಮೆಟರಿ’ ಎಂಬ ಮಾತು ಮಲಗುವ ಸ್ಥಳವೆಂಬ ಅರ್ಥದ ಗ್ರೀಕ್ ಪದದಿಂದ ಬಂದುದು. ಸಾವು ನಿದ್ರೆಯಂತೆ, ಎಬ್ಬಿಸುವವನು ಇದ್ದಾನೆ ಎಂಬ ಭಾವನೆಯಿಂದ ಆದಿಕ್ರೈಸ್ತರು ಈ ಪದವನ್ನು ಬಳಸಿದರು. ರೋಮ್ ನಗರದ ನೆಲದಡಿಯ ಸಮಾಧಿ ಸುರಂಗಗಳ ಗೋಡೆಗಳ ಮೇಲೆ ಅವರು ಬರೆದಿಟ್ಟ ಚಿತ್ರಗಳಲ್ಲಿ ಹಡಗಿನ ಲಂಗರು ಇದೆ, ಮೀನು ಇದೆ, ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬನಿದ್ದಾನೆ. ಕಾಲು ಸೋತ ಮರಿಯನ್ನು ಹೆಗಲಿಗೇರಿಸಿಕೊಂಡು ನಡೆಯುವ ಕುರಿಗಾಹಿಯನ್ನು ನಮ್ಮ ಸೀಮೆಯಲ್ಲಿ ಕಾಣದವರಾರು?

ಇನ್ನು ಆಚರಣೆಗಳ ವಿಷಯ. ನನ್ನ ಮಿತ್ರನು ಎಣಿಸಿದಂತೆ ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಕಾಯಿಲೆ ಉಲ್ಬಣಿಸಿದಾಗ ಗುರುಗಳು ಮನೆಗೆ ಬಂದು ರೋಗಿಯ ಹಣೆಗೂ ಅಂಗೈಗಳಿಗೂ ಪವಿತ್ರ ತೈಲವನ್ನು ಹಚ್ಚಿ ಪ್ರಾರ್ಥಿಸುತ್ತಾರೆ. ಸಾವಿನ ಮನೆಯಲ್ಲಿ ಬಂಧುಗಳು ಜಪಸರ ಹೇಳುತ್ತಾ ರಾತ್ರಿ ಕಳೆಯುತ್ತಾರೆ. ಬಲಿಪೂಜೆಯಾದ ಮೇಲೆ ಸ್ಮಶಾನದಲ್ಲಿ ಪ್ರತಿಯೊಬ್ಬರೂ ಒಂದು ಹಿಡಿ ಮಣ್ಣು ಹಾಕುತ್ತಾರೆ. ಏಳನೆಯ ದಿನ, ಮೂವತ್ತನೆಯ ದಿನ, ವರ್ಷ ತುಂಬಿದ ದಿನ ಸತ್ತವರ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಹೂಳುವುದೇ ಹಿಂದಿನಿಂದ ಬಂದ ಪದ್ಧತಿಯಾದರೂ ಸುಡುವುದಕ್ಕೆ ಕಥೋಲಿಕ ಧರ್ಮಸಭೆಯು 1963ರಲ್ಲಿ ಅನುಮತಿ ನೀಡಿತು. ಪ್ರತಿವರ್ಷ ನವೆಂಬರ್ 2ರಂದು ಗತಿಸಿದ ಎಲ್ಲರ ಸ್ಮರಣೆಯ ದಿನ. ಹತ್ತನೆಯ ಶತಮಾನದ ಕೊನೆಗೆ ಫ್ರಾನ್ಸ್ ದೇಶದ ಕ್ಲೂನಿ ಮಠದಲ್ಲಿ ಓದಿಲೋ ಎಂಬ ಮಠಾಧಿಪತಿಯು ಆರಂಭಿಸಿದ ಈ ಸ್ಮರಣೆಯು ಕ್ರಮೇಣ ಎಲ್ಲೆಡೆ ಹರಡಿ ನಮ್ಮ ಶಿವಮೊಗ್ಗ ಧರ್ಮಪ್ರಾಂತದ ಸಣ್ಣ ಸಣ್ಣ ಹಳ್ಳಿಗಳಿಗೂ ತಲಪಿದೆ. ಅಂದು ಸಮಾಧಿಗಳಿಗೆ ಹೂವಿಟ್ಟು ಬತ್ತಿ ಹಚ್ಚುತ್ತೇವೆ. ಪ್ರೊಟೆಸ್ಟೆಂಟರಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ವಾಡಿಕೆ ಸಾಮಾನ್ಯವಾಗಿ ಇಲ್ಲ. ಅವರು ಸತ್ತವರ ಬಾಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ವಿಧಾನ ಬೇರೆಯಾದರೂ ಎರಡರ ಮೂಲದಲ್ಲಿರುವ ನಂಬಿಕೆ ಒಂದೇ. ಸತ್ತವರು ದೇವರ ಕೈಯಲ್ಲಿದ್ದಾರೆ. ಆದುದರಿಂದ ನಮ್ಮಿಂದಲೂ ಪೂರ್ತಿ ದೂರವಾಗಿಲ್ಲ.

ಇಷ್ಟನ್ನು ಕೇಳಿದ ಮೇಲೆ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. ಮುಂದೆ ಎಂದೋ ಎದ್ದೇಳುತ್ತೇವೆಂಬ ನಂಬಿಕೆಯು ಇಂದಿನ ಬದುಕನ್ನು ಕಡೆಗಣಿಸುವಂತೆ ಮಾಡುವುದಿಲ್ಲವೆ? ಇದು ನ್ಯಾಯವಾದ ಪ್ರಶ್ನೆ. ಪರಲೋಕದ ಆಸೆ ತೋರಿಸಿ ಬಡವರನ್ನು ಸುಮ್ಮನಿರಿಸಿದ ಉದಾಹರಣೆಗಳು ಎಲ್ಲ ಧರ್ಮಗಳ ಇತಿಹಾಸದಲ್ಲಿಯೂ ಇವೆ. ಆದರೆ ಈ ನಂಬಿಕೆಯನ್ನು ನಿಜವಾಗಿ ನಂಬಿದವರು ಏನು ಮಾಡಿದರೆಂಬುದನ್ನು ನೋಡಿ ತೀರ್ಪು ಕೊಡುವುದು ಲೇಸು. ತಾನು ಪಡೆದ ಸಾಂತ್ವನದಿಂದ ಇತರರನ್ನು ಸಂತೈಸಬೇಕೆಂದು ಪೌಲನು ಬರೆದಿದ್ದಾನೆ. ಅಂದರೆ ಸಮಾಧಾನವು ಬಚ್ಚಿಟ್ಟುಕೊಳ್ಳುವ ಗಂಟಲ್ಲ, ಕೈ ದಾಟಿಸಬೇಕಾದ ವಸ್ತು.

ಕ್ರಿಸ್ತಶಕ 252ರ ಸುಮಾರಿಗೆ ಆಫ್ರಿಕದ ಉತ್ತರ ತೀರದ ಕಾರ್ಥೇಜ್ ನಗರದಲ್ಲಿ ಭಯಂಕರ ಸಾಂಕ್ರಾಮಿಕ ಹಬ್ಬಿತು. ಜನರು ಬಂಧುಗಳನ್ನೇ ಬಿಟ್ಟು ಓಡಿದರು. ಅಲ್ಲಿನ ಬಿಷಪ್ ಸಿಪ್ರಿಯಾನನು ತನ್ನವರನ್ನು ಕರೆದು, ನಮ್ಮವರನ್ನು ಮಾತ್ರವಲ್ಲ, ನಮ್ಮನ್ನು ಹಿಂಸಿಸಿದವರನ್ನೂ ಉಪಚರಿಸಬೇಕೆಂದು ಕೆಲಸ ಹಂಚಿದನು. ಕೆಲವು ವರ್ಷಗಳ ಮೇಲೆ ಅವನೇ ನಂಬಿಕೆಗಾಗಿ ಪ್ರಾಣ ಕೊಡಬೇಕಾಯಿತು.

ನಮ್ಮ ನಾಡಿಗೆ ಬರೋಣ. ಜರ್ಮನಿಯಿಂದ ಮಂಗಳೂರಿಗೆ ಬಂದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿಯನ್ನು ಹಂಚತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೂ 1902ರಲ್ಲಿ ಪ್ಲೇಗು ರೋಗಿಗಳಿಗೂ ಆಶ್ರಯ ಕಟ್ಟಿದರು. ಯಾರನ್ನು ಮುಟ್ಟಲು ಲೋಕವು ಹೆದರುತ್ತಿದ್ದಿತೋ ಅವರನ್ನು ಮುಟ್ಟಿದುದೇ ಆ ಕೆಲಸದ ಹಿರಿಮೆ. 1910ರಲ್ಲಿ ಅವರು ಗತಿಸಿದರು. ಅವರ ಹೆಸರಿನ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಕನ್ನಡದ ಮಹಾನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ ಅವರೂ ಮೊದಲ ಪತ್ನಿಯನ್ನು ಕಳೆದುಕೊಂಡವರು. ಅಷ್ಟಕ್ಕೇ ಅವರು ಕೈಚೆಲ್ಲಿ ಕುಳಿತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು ಶಬ್ದಗಳನ್ನು ಕೂಡಿಡುತ್ತಲೇ ಹೋದರು. 1894ರಲ್ಲಿ ನಿಘಂಟು ಅಚ್ಚಾಗಿ ಹೊರಬಂದಿತು. ನಮ್ಮ ಗ್ರಂಥಾಲಯದಲ್ಲಿ ಆ ದಪ್ಪ ಪುಸ್ತಕವನ್ನು ತೆರೆಯುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಮಹಾಕ್ಷಾಮವನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ತಬ್ಬಲಿಗಳಾದ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿಯೂ ಹಾಸನದಲ್ಲಿಯೂ ಅನಾಥಾಲಯಗಳನ್ನು ತೆರೆದರು. ಕಥೋಲಿಕ ಗುರುಗಳೂ ಬೆಂಗಳೂರಿನ ಸುತ್ತ ಅನಾಥರನ್ನು ಸಲಹಿದರು. ಆ ಮಕ್ಕಳನ್ನು ಕ್ರೈಸ್ತರನ್ನಾಗಿಯೇ ಬೆಳೆಸಿದುದರ ಬಗ್ಗೆ ಆಕ್ಷೇಪಗಳಿವೆ. ಆ ಚರ್ಚೆ ಅನ್ಯಾಯವಾದುದೆಂದು ನಾನು ಹೇಳಲಾರೆ. ಆದರೆ ಹಸಿದ ಮಗುವಿನ ಬಾಯಿಗೆ ಗಂಜಿ ಹಾಕಿದ ಕೈಯನ್ನೂ ಮರೆಯಲಾಗದು.

ಇನ್ನೊಂದು ಉದಾಹರಣೆ ನಮ್ಮ ಮನೆಗೇ ಸಂಬಂಧಪಟ್ಟದ್ದು. ಗುಣವಾಗದ ರೋಗಿಯನ್ನು ‘ಇನ್ನು ಮಾಡುವುದೇನೂ ಇಲ್ಲ’ ಎಂದು ಕಳುಹಿಸಿಬಿಡುವುದು ಹಿಂದಿನ ರೂಢಿಯಾಗಿತ್ತು. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಇದನ್ನು ಒಪ್ಪಲಿಲ್ಲ. ದಾದಿಯಾಗಿ ಕೆಲಸಮಾಡಿ, ಮುಂದೆ ವೈದ್ಯಶಾಸ್ತ್ರವನ್ನೂ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಎಂಬ ಆಶ್ರಯವನ್ನು ತೆರೆದರು. ಸಾಯುವವನ ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು. ಅವೆಲ್ಲಕ್ಕೂ ಒಟ್ಟಿಗೆ ಆರೈಕೆ ಬೇಕು ಎಂಬುದು ಅವರ ವಾದ. ಆಳವಾದ ಕ್ರೈಸ್ತ ನಂಬಿಕೆಯಿಂದ ಹುಟ್ಟಿದ ಈ ಕಲ್ಪನೆಯು ಇಂದು ಮತಭೇದವಿಲ್ಲದೆ ಲೋಕದಲ್ಲೆಲ್ಲ ಹಬ್ಬಿದೆ. 1994ರಲ್ಲಿ ಸ್ಥಾಪನೆಯಾದ ಟ್ರಸ್ಟೊಂದು ಬೆಂಗಳೂರಿನಲ್ಲಿ ನಡೆಸುತ್ತಿರುವ ಕರುಣಾಶ್ರಯವೂ ಇಂತಹ ಸೇವೆಯನ್ನೇ ಉಚಿತವಾಗಿ ಮಾಡುತ್ತಿದೆ. ಗುಣಪಡಿಸಲಾಗದಿದ್ದರೂ ಮಾಡುವ ಕೆಲಸ ಬೇಕಾದಷ್ಟಿದೆ ಎಂಬುದನ್ನು ನಾವು ಮನೆಯಲ್ಲಿಯೇ ಕಲಿತೆವು. ನೋವಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಗಾಯ ತೊಳೆಯುವುದು, ರಾತ್ರಿ ಪಕ್ಕದಲ್ಲಿ ಎಚ್ಚರವಿರುವುದು—ಇವುಗಳನ್ನು ಅವ್ವನಿಗೂ ನನಗೂ ಕಲಿಸಿದವರು ವಾರಕ್ಕೊಮ್ಮೆ ಬರುತ್ತಿದ್ದ ಒಬ್ಬ ಸಿಸ್ಟರ್. ಅವರು ಉಪದೇಶ ಮಾಡಿದ್ದು ನನಗೆ ನೆನಪಿಲ್ಲ. ಬಂದೊಡನೆ ಕೈ ತೊಳೆದುಕೊಂಡು ಕೆಲಸಕ್ಕೆ ಕೂರುತ್ತಿದ್ದರು.

ತಂದೆಯವರು ಗಾರೆ ಕೆಲಸದವರು. ಭದ್ರಾ ನಾಲೆಯನ್ನು ತೋಡುವ ಕಾಲದಲ್ಲಿ ಕೂಲಿಗಾಗಿ ಈ ಕಡೆಗೆ ಬಂದು ನೆಲೆಸಿದವರ ಮಗ. ನಾಲ್ಕನೆಯ ತರಗತಿಯವರೆಗೆ ಓದಿದ್ದರು. ಚನ್ನಗಿರಿಯ ಅಡಿಕೆ ಮಂಡಿಗಳ ಗೋಡೆ, ಹೊನ್ನಾಳಿಯ ಮನೆಗಳ ತಾರಸಿ, ನ್ಯಾಮತಿಯ ಸುತ್ತಿನ ಹಳ್ಳಿಗಳ ಶಾಲೆ—ಅವರ ಕೈ ಆಡದ ಕಡೆಯಿಲ್ಲ. ಕೆಲಸದ ನಡುವೆ ತಂಬಾಕು ಅಗಿಯುವ ಅಭ್ಯಾಸವೊಂದೇ ಅವರ ಶತ್ರುವಾಯಿತು. ಆ ಅಭ್ಯಾಸವಿರುವ ಮಿತ್ರರು ದಯವಿಟ್ಟು ಇಂದೇ ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ.

ನಮ್ಮ ಊರಿನ ಹೊರಗೆ ಕ್ರೈಸ್ತರ ಸಣ್ಣ ಸ್ಮಶಾನವಿದೆ. ನಲವತ್ತಕ್ಕೆ ಮೀರದ ಗೋರಿಗಳು. ಅವುಗಳಲ್ಲಿ ಎಷ್ಟೋ ಗೋರಿಗಳಿಗೆ ಈಗ ಹಕ್ಕುದಾರರಿಲ್ಲ. ನಾಲೆಯ ಕೆಲಸ ಮುಗಿದ ಮೇಲೆ ಸಂಸಾರಗಳು ಬೇರೆ ಊರಿಗೆ ಹೋದವು. ಪ್ರತಿವರ್ಷ ಅಕ್ಟೋಬರ್ ಕೊನೆಯಲ್ಲಿ ಅಪ್ಪ ಒಂದು ದಿನದ ಕೂಲಿಯನ್ನು ಬಿಟ್ಟು ಎಲ್ಲ ಗೋರಿಗಳಿಗೂ ಸುಣ್ಣ ಹೊಡೆಯುತ್ತಿದ್ದರು. ‘ನಮ್ಮವರಲ್ಲದವರಿಗೆ ಏಕೆ?’ ಎಂದು ನಾನೊಮ್ಮೆ ಕೇಳಿದ್ದೆನು. ‘ಎಬ್ಬಿಸುವವನು ಹೆಸರು ಕೂಗುವಾಗ ಎಲ್ಲರನ್ನೂ ಕೂಗ್ತಾನೆ. ನಾವು ಒಬ್ಬಿಬ್ಬರನ್ನ ಬಿಟ್ಟರೆ ಹೇಗೆ?’ ಎಂದಿದ್ದರು. ಆಗ ನಾನು ನಕ್ಕಿದ್ದೆನು.

ಕೊನೆಯ ಎರಡು ತಿಂಗಳು ಅವರಿಗೆ ಮಾತು ನಿಂತುಹೋಯಿತು. ಅಳತೆ ಬರೆಯುವ ಪುಸ್ತಕದಲ್ಲಿಯೇ, ಅಳತೆಯ ಪೆನ್ಸಿಲಿನಿಂದ, ಬೇಕಾದುದನ್ನು ಬರೆದು ತೋರಿಸುತ್ತಿದ್ದರು. ನಾನು ಆ ಹೊತ್ತಿಗೆ ಓದು ಬಿಟ್ಟು ಗಾರೆ ಕೆಲಸಕ್ಕೆ ಸೇರುವುದೆಂದು ತೀರ್ಮಾನಿಸಿದ್ದೆನು. ಮನೆಯ ಸಾಲ ಹಾಗಿತ್ತು. ಅದನ್ನು ಅವ್ವನ ಬಾಯಿಂದ ಕೇಳಿದ ಅಪ್ಪ ಗುರುಗಳು ಬಂದ ದಿನ ನನ್ನನ್ನೂ ಕರೆದು ಕೂರಿಸಿ ಪುಸ್ತಕದಲ್ಲಿ ಎರಡು ಸಾಲು ಬರೆದರು. ಮೊದಲನೆಯದು: ‘ಫಾದರ್, ಇವನ ಓದು ನಿಲ್ಲಬಾರದು.’ ಎರಡನೆಯದು ನನಗೆ: ‘ಗೋರಿಗಳಿಗೆ ಸುಣ್ಣ.’

ಗೋವಿನ ಹಾಡನ್ನು ನಾವೆಲ್ಲರೂ ಬಾಲ್ಯದಲ್ಲಿ ಕಲಿತವರೇ. ಹುಲಿಯ ಬಳಿಗೆ ಹಿಂದಿರುಗುವ ಮೊದಲು ಪುಣ್ಯಕೋಟಿಯು ತನ್ನ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುತ್ತದೆ. ಯೇಸುವೂ ಶಿಲುಬೆಯ ಮೇಲಿನಿಂದ ತನ್ನ ತಾಯಿಯನ್ನು ಶಿಷ್ಯನಿಗೂ ಶಿಷ್ಯನನ್ನು ತಾಯಿಗೂ ಒಪ್ಪಿಸಿದನು. ಸಾಯುವವನಿಗೂ ಒಂದು ಕೆಲಸವುಂಟು: ಉಳಿಯುವವರನ್ನು ಒಬ್ಬರ ಕೈಗೊಬ್ಬರನ್ನು ಒಪ್ಪಿಸುವುದು. ಅಪ್ಪ ಮಾಡಿದ್ದೂ ಅದನ್ನೇ ಎಂದು ನನಗೆ ಈಚೆಗೆ ಹೊಳೆಯಿತು.

ನಾನು ಓದು ಬಿಡಲಿಲ್ಲ. ರಜೆಯಲ್ಲಿ ಗಾರೆ ಕಲಸುತ್ತೇನೆ, ಅವ್ವ ಅಡಿಕೆ ಸುಲಿಯಲು ಹೋಗುತ್ತಾಳೆ, ಸಾಲ ನಿಧಾನವಾಗಿ ತೀರುತ್ತಿದೆ. ನಮ್ಮ ವಂಶದಲ್ಲಿ ಪದವಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ದುಃಖ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಪರೀಕ್ಷೆಯ ಫಲಿತಾಂಶ ಬಂದ ದಿನ ಅದನ್ನು ಹೇಳಲು ಅಪ್ಪನಿಲ್ಲವಲ್ಲಾ ಎಂದು ಬಸ್ ನಿಲ್ದಾಣದಲ್ಲಿಯೇ ಅತ್ತುಬಿಟ್ಟೆನು. ಆದರೆ ದುಃಖದ ಜೊತೆಗೆ ಒಂದು ಕೆಲಸವೂ ನನ್ನ ಪಾಲಿಗೆ ಬಂದಿದೆ. ಅದಿರುವುದರಿಂದ ದುಃಖವನ್ನು ಹೊರಲು ಸಾಧ್ಯವಾಗಿದೆ.

ಹೋದ ಅಕ್ಟೋಬರಿನ ಕೊನೆಯ ಭಾನುವಾರ ಸುಣ್ಣದ ಬಕೆಟ್ಟು ಹಿಡಿದು ಸ್ಮಶಾನಕ್ಕೆ ಹೊರಟೆನು. ಶನಿವಾರ ಸಂಜೆಯೇ ನಮ್ಮ ಮನೆಗೆ ಬಂದಿದ್ದ ಜಗಳೂರಿನ ಆ ಮಿತ್ರನೂ ಜೊತೆಗೆ ಬಂದನು. ಇಬ್ಬರೂ ಮಧ್ಯಾಹ್ನದವರೆಗೆ ಸುಣ್ಣ ಹೊಡೆದೆವು. ಮೂಲೆಯಲ್ಲಿ ಹೆಸರು ಅಳಿಸಿಹೋದ ಗೋರಿಯೊಂದಿತ್ತು. ಅವನು ಅದರ ಹುಲ್ಲು ಕಿತ್ತು, ಕಲ್ಲನ್ನು ಉಜ್ಜಿ, ಎರಡು ಕೈ ಸುಣ್ಣ ಹೊಡೆದನು. ‘ಇದು ಯಾರದೋ?’ ಎಂದು ಕೇಳಿದನು. ‘ಗೊತ್ತಿಲ್ಲ’ ಎಂದೆನು. ‘ಇರಲಿ ಬಿಡು’ ಎಂದು ಪಕ್ಕದ ಗೋರಿಗೆ ಹೋದನು.

ಅವನ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇಷ್ಟೇ. ಕ್ರೈಸ್ತನ ಸಮಾಧಾನವೆಂದರೆ ಸಾವಿಲ್ಲವೆಂಬ ಮಾತಲ್ಲ. ಸಾವಿನ ಆಚೆಗೂ ದೇವರು ನಮ್ಮ ಹೆಸರನ್ನು ಮರೆಯುವುದಿಲ್ಲವೆಂಬ ನಂಬಿಕೆ. ಆ ನಂಬಿಕೆಯಿಂದ, ಉಳಿದ ದಿನಗಳಲ್ಲಿ ನಾವೂ ಯಾರನ್ನೂ ಮರೆಯದಿರುವ ಪ್ರಯತ್ನ. ಹೇಳಿದುದರಲ್ಲಿ ಕೊರತೆಗಳಿದ್ದರೆ ಬಲ್ಲವರು ತಿದ್ದಿ ಮನ್ನಿಸಬೇಕು. ಈ ವರ್ಷ ಮನೆಯಲ್ಲಿ ಸಾವು ಕಂಡ ಸಹಪಾಠಿಗಳು ನಮ್ಮ ಕಾಲೇಜಿನಲ್ಲಿ ಇನ್ನೂ ಹಲವರಿದ್ದಾರೆ. ಅವರು ಯಾವ ಮತದವರೇ ಆಗಿರಲಿ, ಈ ಬರಹದಿಂದ ಅವರಲ್ಲಿ ಒಬ್ಬರ ಪಕ್ಕದಲ್ಲಿ ಯಾರಾದರೂ ಹೋಗಿ ಸ್ವಲ್ಪ ಹೊತ್ತು ಕುಳಿತರೆ ನನ್ನ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿ